ಅಪ್ಪ ಬರೆದುಕೊಟ್ಟ ಹೊಲ ವಾಪಸ್ ಬರುತ್ತಾ? ರೈತ ಕುಟುಂಬದ ಪಾಲು ಪಾರೀಕತ್ತಿನ ಗೊಂದಲ

2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲ ಅವರು ಅಧಿಕಾರಿಗಳಿಗೆ ಒಂದು ಸೂಚನೆ ಕೊಟ್ಟರು. ವಯಸ್ಸಾದ ತಂದೆ ತಾಯಿಯನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿ ಅಲ್ಲೇ ಬಿಟ್ಟು ಹೋಗುವ ಮಕ್ಕಳ ಮೇಲೆ ದೂರು ಕೊಡಿ, ಆ ಮಕ್ಕಳ ಹೆಸರಿಗೆ ಆಗಿರುವ ಉಯಿಲು, ಆಸ್ತಿ ವರ್ಗಾವಣೆ ರದ್ದಾಗುವಂತೆ ಕ್ರಮ ತೆಗೆದುಕೊಳ್ಳಿ ಎಂದು. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯೊಂದರಲ್ಲೇ ಇಂಥ 150ಕ್ಕೂ ಹೆಚ್ಚು ಪ್ರಕರಣ ಕಂಡುಬಂದಿದ್ದವು. ಅದೇ ವರ್ಷ ಕಂದಾಯ ಇಲಾಖೆ ಪೌತಿ ಖಾತೆ ಆಂದೋಲನ ಶುರು ಮಾಡಿತು. ತೀರಿಹೋದವರ ಹೆಸರಲ್ಲೇ ಉಳಿದಿರುವ ಪಹಣಿಗಳನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಕೆಲಸ ಅದು.

ಎರಡು ಸುದ್ದಿಯೂ ಊರಿನ ಕಟ್ಟೆ ತಲುಪುವ ಹೊತ್ತಿಗೆ ಬೇರೆಯದೇ ರೂಪ ತಾಳಿದವು. ‘ಅಪ್ಪ ಮನಸ್ಸು ಮಾಡಿದರೆ ಕೊಟ್ಟ ಜಮೀನನ್ನು ಯಾವಾಗ ಬೇಕಾದರೂ ಕಿತ್ಕೋಬಹುದಂತೆ’ ಅನ್ನೋದು ಒಂದು ಮಾತು. ‘ಇನ್ಮೇಲೆ ಹೆಣ್ಣುಮಕ್ಕಳ ಹೆಸರು ಹಾಕದೆ ಏನೂ ನಡೆಯಲ್ವಂತೆ’ ಅನ್ನೋದು ಇನ್ನೊಂದು. ಎರಡರಲ್ಲೂ ಅರ್ಧ ನಿಜವಿದೆ. ಆ ಅರ್ಧ ನಿಜವನ್ನೇ ಪೂರ್ತಿ ನಿಜ ಅಂದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದವರು ಮುಂದೆ ಹತ್ತು ಹದಿನೈದು ವರ್ಷ ಕೋರ್ಟಿಗೆ ಅಲೆಯುತ್ತಾರೆ.

ಹಾಗಾಗಿ ಇದನ್ನು ಒಂದೊಂದಾಗಿ ಬಿಡಿಸಿ ನೋಡೋಣ. ಇಲ್ಲಿ ಹೇಳುವುದು ಮುಖ್ಯವಾಗಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಡುವ ಕುಟುಂಬಗಳ ಬಗ್ಗೆ. ಜೈನ, ಬೌದ್ಧ, ಸಿಖ್ ಕುಟುಂಬಗಳಿಗೂ ಅದೇ ಕಾಯ್ದೆ. ಮುಸ್ಲಿಂ ಕುಟುಂಬಗಳಲ್ಲಿ ಹುಟ್ಟಿನಿಂದಲೇ ಹಕ್ಕು ಬರುವ ಪದ್ಧತಿ ಇಲ್ಲ. ಕ್ರೈಸ್ತರಿಗೆ 1925ರ ಉತ್ತರಾಧಿಕಾರ ಕಾಯ್ದೆ ಇದೆ. ತಾಯಿಯ ಕಡೆಯಿಂದ ವಂಶ ಎಣಿಸುವ ಕರಾವಳಿಯ ಅಳಿಯಸಂತಾನದ ಕುಟುಂಬಗಳ ಲೆಕ್ಕವೂ ಬೇರೆ.

ಮೊದಲು ನೋಡಬೇಕಾದ್ದು, ಜಮೀನು ಬಂದಿದ್ದು ಹೇಗೆ?

ಪಹಣಿಯ 9ನೇ ಕಾಲಂನಲ್ಲಿ ಅಪ್ಪನ ಹೆಸರೊಂದೇ ಇದೆ. ಅಂದರೆ ಜಮೀನು ಪೂರ್ತಿ ಅಪ್ಪನದೇ ಅಲ್ವಾ? ಹಾಗೇನಿಲ್ಲ. ಬಹಳ ಜನ ಎಡವುವುದೇ ಇಲ್ಲಿ. ಪಹಣಿ ಕಂದಾಯದ ದಾಖಲೆ. ಆ ಜಮೀನು ಅಪ್ಪನಿಗೆ ಯಾವ ದಾರಿಯಲ್ಲಿ ಬಂತು ಅನ್ನೋದು ಹಕ್ಕನ್ನು ತೀರ್ಮಾನಿಸುತ್ತದೆ.

ಅಪ್ಪ ತನ್ನ ದುಡಿಮೆಯಲ್ಲಿ ಕ್ರಯಕ್ಕೆ ತೆಗೆದುಕೊಂಡಿದ್ದರೆ ಅದು ಸ್ವಯಾರ್ಜಿತ. ಅದನ್ನು ಮಾರಬಹುದು, ಒಬ್ಬ ಮಗಳಿಗೇ ಪೂರ್ತಿ ಕೊಡಬಹುದು, ಮಠಕ್ಕೆ ಬರೆಯಬಹುದು. ಮಕ್ಕಳು ತಡೆಯುವಂತಿಲ್ಲ. ಅಪ್ಪನಿಗೆ ಅವರಪ್ಪನಿಂದ, ತಾತನಿಂದ, ಮುತ್ತಾತನಿಂದ ಒಟ್ಟು ಕುಟುಂಬದ ಆಸ್ತಿಯಾಗಿ ಇಳಿದು ಬಂದಿದ್ದರೆ ಅದು ಪಿತ್ರಾರ್ಜಿತ. ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲು.

ಇವೆರಡರ ನಡುವೆ ಒಂದು ಸೂಕ್ಷ್ಮ ಇದೆ. ‘ತಾತನ ಜಮೀನು’ ಅಂದ ಕೂಡಲೇ ಅದು ಪಿತ್ರಾರ್ಜಿತ ಅಂತ ಮೊಮ್ಮಕ್ಕಳು ದಾವೆ ಹಾಕುತ್ತಾರೆ. ಆದರೆ ತಾತ ತಾನೇ ಸಂಪಾದಿಸಿದ ಜಮೀನು, 1956ರ ಕಾಯ್ದೆ ಬಂದ ಮೇಲೆ ತಾತ ಉಯಿಲು ಬರೆಯದೆ ತೀರಿಕೊಂಡು ಅಪ್ಪನಿಗೆ ಬಂದಿದ್ದರೆ, ಅದು ಅಪ್ಪನ ಸ್ವಂತದ್ದಾಗಿ ಬರುತ್ತದೆ. 1986ರಿಂದಲೇ ಸುಪ್ರೀಂ ಕೋರ್ಟ್ ಇದನ್ನು ಹೇಳುತ್ತಾ ಬಂದಿದೆ. ಅಪ್ಪ ಬದುಕಿರುವಾಗ ಅದರಲ್ಲಿ ಮೊಮ್ಮಕ್ಕಳು ಪಾಲು ಕೇಳುವ ಹಾಗಿಲ್ಲ.

ಇನ್ನು ಗೇಣಿ ಜಮೀನು. 1974ರ ಭೂಸುಧಾರಣೆ ತಿದ್ದುಪಡಿ ಆದ ಮೇಲೆ ನಮೂನೆ 7ರಲ್ಲಿ ಅರ್ಜಿ ಹಾಕಿ ಅಧಿಭೋಗದ ಹಕ್ಕು, ಅಂದರೆ ಉಳುತ್ತಿದ್ದ ಜಮೀನಿನ ಒಡೆತನ ಪಡೆದ ಕುಟುಂಬಗಳು ಕರ್ನಾಟಕದಲ್ಲಿ ಬಹಳ ಇವೆ. ಅರ್ಜಿ ಹಾಕಿದ್ದು ಮನೆಯ ಹಿರಿಮಗ, ಹಕ್ಕು ಸಿಕ್ಕಿದ್ದೂ ಅವನ ಹೆಸರಿಗೆ. ಉಳುತ್ತಿದ್ದವರು ಮಾತ್ರ ಅಣ್ಣತಮ್ಮಂದಿರೆಲ್ಲ. ಗೇಣಿ ಇಡೀ ಕುಟುಂಬದ್ದಾಗಿತ್ತು ಅಂತ ತೋರಿಸಲು ಆದರೆ ಅದು ಎಲ್ಲರಿಗೂ ಸೇರಿದ್ದು. ತೋರಿಸಲು ಆಗದಿದ್ದರೆ ಹೆಸರಿದ್ದವನದ್ದು. ಐವತ್ತು ವರ್ಷ ಹಳೆಯ ಗೇಣಿ ರಸೀದಿ ಯಾರ ಮನೆ ಪೆಟ್ಟಿಗೆಯಲ್ಲಿ ಉಳಿದಿದೆ ಅನ್ನೋದರ ಮೇಲೆ ಎಕರೆಗಟ್ಟಲೆ ಜಮೀನಿನ ಹಣೆಬರಹ ನಿಂತಿರುತ್ತದೆ.

ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ 1978ರ ಪಿಟಿಸಿಎಲ್ (ಕೆಲವು ಜಮೀನುಗಳ ವರ್ಗಾವಣೆ ನಿಷೇಧ) ಕಾಯ್ದೆಯ ರಕ್ಷಣೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಆದರೆ ಕುಟುಂಬದೊಳಗೆ ಪಾಲು ಮಾಡಿಕೊಳ್ಳುವುದು, ಉಯಿಲು ಬರೆಯುವುದು ಆ ಕಾಯ್ದೆಯ ಪ್ರಕಾರ ‘ವರ್ಗಾವಣೆ’ ಆಗುವುದಿಲ್ಲ. ಇದು ಗೊತ್ತಿಲ್ಲದೆ ಪಾಲೇ ಮಾಡಿಕೊಳ್ಳದೆ ಕೂತವರೂ ಇದ್ದಾರೆ.

ಪಿತ್ರಾರ್ಜಿತದಲ್ಲಿ ಅಪ್ಪನೂ ಒಬ್ಬ ಪಾಲುದಾರ

ಯಜಮಾನ ಅನ್ನಿಸಿಕೊಂಡ ಮಾತ್ರಕ್ಕೆ ಅಪ್ಪ ಪಿತ್ರಾರ್ಜಿತದ ಪೂರ್ತಿ ಮಾಲೀಕ ಆಗುವುದಿಲ್ಲ. ಒಟ್ಟು ಕುಟುಂಬದ ಪರವಾಗಿ ವ್ಯವಹಾರ ನೋಡಿಕೊಳ್ಳುವ ಅಧಿಕಾರ ಅವರಿಗಿದೆ. ಕುಟುಂಬದ ನಿಜವಾದ ಅಗತ್ಯಕ್ಕೆ ಸಾಲ ಮಾಡಬಹುದು, ಮಾರಲೂಬಹುದು. ಪ್ರೀತಿ ಬಂತು ಅಂತ ಯಾರಿಗೋ ದಾನ ಕೊಡುವಂತಿಲ್ಲ.

ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಚಿಕ್ಕಮಗಳೂರು ಜಿಲ್ಲೆಯ ಒಂದು ಕುಟುಂಬದಲ್ಲಿ ತಂದೆ, ಒಟ್ಟು ಕುಟುಂಬದ ಆಸ್ತಿಯ ಮೂರನೇ ಒಂದು ಭಾಗವನ್ನು ತಾವು ಪ್ರೀತಿಯಿಂದ ಸಾಕಿದವರಿಗೆ ಬರೆದುಕೊಟ್ಟಿದ್ದರು. ಮಗ ಪ್ರಶ್ನಿಸಿದ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮಗನ ಪರ ನಿಂತಿತು. ಧರ್ಮಕಾರ್ಯಕ್ಕೆ ಸ್ವಲ್ಪ ಭಾಗ ಕೊಡುವುದು ಬೇರೆ, ಪ್ರೀತಿ ವಾತ್ಸಲ್ಯಕ್ಕೆ ಅಂತ ಕೊಡುವುದು ಬೇರೆ. ಎರಡನೆಯದಕ್ಕೆ ಎಲ್ಲ ಪಾಲುದಾರರ ಒಪ್ಪಿಗೆ ಬೇಕು ಅಂತ ಕೋರ್ಟ್ ಹೇಳಿತು.

ಮಗಳ ವಿಚಾರದಲ್ಲಿ ಮಾತ್ರ ಹಳೆಯ ಪದ್ಧತಿಯಲ್ಲೂ ಒಂದು ವಿನಾಯಿತಿ ಇತ್ತು. ‘ಅರಿಶಿನ ಕುಂಕುಮಕ್ಕೆ’ ಅಂತ ಮಗಳಿಗೆ ಒಂದಿಷ್ಟು ಜಮೀನು ಬಿಟ್ಟುಕೊಡುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಕುಟುಂಬದ ಆಸ್ತಿ ಎಷ್ಟಿದೆ ಅಂತ ನೋಡಿ, ಮಿತಿಯೊಳಗೆ ಕೊಟ್ಟಿದ್ದರೆ ಅದು ಊರ್ಜಿತ ಅಂತ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಒಪ್ಪಿಕೊಂಡಿದೆ. ಆಗ ಅದು ಅಪ್ಪನ ಔದಾರ್ಯ. ಈಗ ಮಗಳಿಗೆ ಅದು ಹಕ್ಕು.

ಮಗಳ ಪಾಲು: ನಾಲ್ಕು ತಾರೀಕು ನೆನಪಿಡಬೇಕು

ಕರ್ನಾಟಕ ಈ ವಿಚಾರದಲ್ಲಿ ದೇಶಕ್ಕಿಂತ ಮುಂದಿತ್ತು. ಹಳೇ ಮೈಸೂರಿನಲ್ಲಿ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕಿಗೆ ಅಂತ ಒಂದು ಕಾಯ್ದೆ ಬಂದಿತ್ತು. ಆಮೇಲೆ 1994ರ ಜುಲೈ 30ರಿಂದ ರಾಜ್ಯದ ತಿದ್ದುಪಡಿ ಜಾರಿಯಾಗಿ, ಮಗಳಿಗೂ ಮಗನಷ್ಟೇ ಹುಟ್ಟಿನ ಹಕ್ಕು ಬಂತು. ಅದರಲ್ಲಿ ಒಂದು ಕೊರತೆ ಇತ್ತು. ಆ ದಿನಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಅದು ಹೊರಗೆ ಇಟ್ಟಿತ್ತು.

2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಜಾರಿಗೆ ಬಂದು ಆ ಭೇದ ಹೋಯಿತು. ಮದುವೆ ಆಗಿರಲಿ ಬಿಡಲಿ, ಮಗಳೂ ಪಾಲುದಾರಳು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಆಗಿಹೋದ ಪಾಲನ್ನು ಕೆದಕುವಂತಿಲ್ಲ. ಅಷ್ಟಾದರೂ ಗೊಂದಲ ಮುಗಿಯಲಿಲ್ಲ. 2005ಕ್ಕೆ ಮೊದಲೇ ಅಪ್ಪ ತೀರಿಹೋಗಿದ್ದರೆ? ಸುಪ್ರೀಂ ಕೋರ್ಟಿನದೇ ಬೇರೆ ಬೇರೆ ತೀರ್ಪುಗಳು ಬೇರೆ ಬೇರೆ ಉತ್ತರ ಕೊಟ್ಟವು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದಕ್ಕೆ ತೆರೆ ಎಳೆಯಿತು. ಹಕ್ಕು ಬರುವುದು ಹುಟ್ಟಿನಿಂದ, ಹಾಗಾಗಿ 2005ರ ಆ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ.

ಇದಕ್ಕೆ ಎರಡು ವರ್ಷ ಮೊದಲು ಕರ್ನಾಟಕದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿತ್ತು. ದಾನಮ್ಮ ಪ್ರಕರಣ ಅಂತಲೇ ಅದು ಹೆಸರುವಾಸಿ. ತಂದೆ 2001ರಲ್ಲಿ ತೀರಿಕೊಂಡರು. ಹಿಂದೆ ಉಳಿದವರು ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. 2002ರಲ್ಲಿ ಮೊಮ್ಮಗನ ಪರವಾಗಿ ಪಾಲಿಗೆ ದಾವೆ ಬಿತ್ತು. ಹೆಣ್ಣುಮಕ್ಕಳಿಗೆ ಪಾಲಿಲ್ಲ ಅನ್ನೋದಕ್ಕೆ ಕೊಟ್ಟ ಕಾರಣಗಳನ್ನು ಗಮನಿಸಿ: ಅವರು 1956ರ ಕಾಯ್ದೆಗೆ ಮೊದಲೇ ಹುಟ್ಟಿದವರು, ಮದುವೆಯಲ್ಲಿ ಬಂಗಾರ, ದುಡ್ಡು ತೆಗೆದುಕೊಂಡು ಪಾಲು ಬಿಟ್ಟಿದ್ದಾರೆ. ಕೆಳಗಿನ ಕೋರ್ಟ್, ಹೈಕೋರ್ಟ್ ಎರಡರಲ್ಲೂ ಹೆಣ್ಣುಮಕ್ಕಳಿಗೆ ಸೋಲಾಯಿತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಐವರಿಗೂ ತಲಾ ಐದರಲ್ಲಿ ಒಂದು ಪಾಲು ಅಂದಿತು. ಇಷ್ಟಕ್ಕೆ ಹದಿನಾರು ವರ್ಷ ಹಿಡಿಯಿತು.

‘ನಾವು ಆವಾಗಲೇ ಪಂಚಾಯ್ತಿ ಸೇರಿಸಿ ಬಾಯಿಮಾತಲ್ಲಿ ಪಾಲು ಮಾಡ್ಕೊಂಡಿದ್ವಿ’ ಅನ್ನುವ ವಾದ ಈಗ ಸುಲಭವಾಗಿ ನಿಲ್ಲುವುದಿಲ್ಲ. ನೋಂದಣಿಯಾದ ವಿಭಾಗ ಪತ್ರ ಇರಬೇಕು, ಇಲ್ಲವೇ ಕೋರ್ಟ್ ಡಿಕ್ರಿ ಇರಬೇಕು. ಬಾಯಿಮಾತಿನ ಪಾಲನ್ನು ಒಪ್ಪಬೇಕಾದರೆ ಅದಕ್ಕೆ ಸರ್ಕಾರಿ ದಾಖಲೆಗಳ ಬಲವಾದ ಬೆಂಬಲ ಇರಬೇಕು ಅಂತ 2020ರ ತೀರ್ಪೇ ಹೇಳಿದೆ. ಆಗಲೇ ಬೇರೆ ಬೇರೆ ಪಹಣಿ ಆಗಿ, ಬೇರೆ ಬೇರೆ ಕಂದಾಯ ಕಟ್ಟುತ್ತಾ ಬಂದಿದ್ದರೆ ವಾದಕ್ಕೆ ಜೀವ ಇರುತ್ತದೆ. ಸುಮ್ನೆ ಒಂದು ಬಿಳಿ ಹಾಳೆಯ ಮೇಲೆ ಊರ ಹಿರಿಯರ ಸಹಿ ಇದ್ದರೆ ಸಾಲದು.

‘ಬಂಗಾರ ಹಾಕಿ ಮದುವೆ ಮಾಡಿದ್ದೀವಲ್ಲ’

ಅಣ್ಣತಮ್ಮಂದಿರ ವಾದವನ್ನು ಸುಲಭವಾಗಿ ತಳ್ಳಿಹಾಕಬಾರದು. ಮಗಳ ಮದುವೆಗೆ ಮಾಡಿದ ಸಾಲವನ್ನು ಎಷ್ಟೋ ಮನೆಗಳಲ್ಲಿ ಗಂಡುಮಕ್ಕಳೇ ವರ್ಷಗಟ್ಟಲೆ ತೀರಿಸಿರುತ್ತಾರೆ. ಊರಲ್ಲೇ ಉಳಿದು, ಬರಗಾಲದಲ್ಲೂ ಹೊಲ ಬೀಳುಬಿಡದೆ ನೋಡಿಕೊಂಡವನು ಒಬ್ಬ. ಬೆಂಗಳೂರಿನಲ್ಲಿ ನೌಕರಿ ಹಿಡಿದವನಿಗೂ, ಮದುವೆಯಾಗಿ ಹೋದವಳಿಗೂ ಅವನಷ್ಟೇ ಪಾಲು ಅಂದರೆ ಅವನಿಗೆ ಅನ್ಯಾಯ ಅನ್ನಿಸುವುದು ಸಹಜ. ಅಪ್ಪ ಅಮ್ಮನ ಆಸ್ಪತ್ರೆ ಖರ್ಚು ಯಾರದು ಅನ್ನುವ ಪ್ರಶ್ನೆಯೂ ಅದರ ಹಿಂದೆಯೇ ಬರುತ್ತದೆ.

ಆದರೂ ಈ ವಾದ ಒಂದು ಹಂತದಲ್ಲಿ ಕುಸಿಯುತ್ತದೆ. ಮದುವೆಗೆ ಕೊಟ್ಟ ಬಂಗಾರ ಎಷ್ಟೋ ಸಲ ಮಗಳ ಕೈಯಲ್ಲಿ ಉಳಿದಿರುವುದೇ ಇಲ್ಲ. ವರದಕ್ಷಿಣೆ 1961ರಿಂದ ಅಪರಾಧ. ಅಪರಾಧವಾಗಿ ಕೊಟ್ಟಿದ್ದನ್ನು ಪಾಲಿನ ಲೆಕ್ಕದಲ್ಲಿ ಮುರಿದುಕೊಳ್ಳುತ್ತೇವೆ ಅನ್ನುವುದು ಹೇಗೆ ಸರಿ? ಮದುವೆ ಖರ್ಚು ಗಂಡುಮಕ್ಕಳಿಗೂ ಆಗಿರುತ್ತದೆ, ಓದಿಗೂ ಆಗಿರುತ್ತದೆ. ಅದನ್ನು ಯಾರೂ ಬರೆದಿಡುವುದಿಲ್ಲ.

ಜಾಸ್ತಿ ಕೇಳಿಬರುವ ಇನ್ನೊಂದು ಮಾತು, ಹೆಣ್ಣುಮಕ್ಕಳಿಗೂ ಕೊಟ್ಟರೆ ಹೊಲ ಚೂರುಚೂರಾಗುತ್ತದೆ ಅನ್ನೋದು. ಕೃಷಿ ಗಣತಿ ನೋಡಿ. 1970-71ರಲ್ಲಿ ಕರ್ನಾಟಕದ ಸರಾಸರಿ ಹಿಡುವಳಿ 3.20 ಹೆಕ್ಟೇರ್ ಇತ್ತು. 2015-16ಕ್ಕೆ ಅದು 1.36 ಹೆಕ್ಟೇರ್‌ಗೆ ಇಳಿಯಿತು, ಅಂದರೆ ಮೂರೂವರೆ ಎಕರೆಗೂ ಕಡಿಮೆ. ಈ ನಲವತ್ತೈದು ವರ್ಷದಲ್ಲಿ ಹೊಲ ಹಂಚಿಕೊಂಡಿದ್ದು ಬಹುಪಾಲು ಗಂಡುಮಕ್ಕಳೇ. ಹೆಣ್ಣುಮಕ್ಕಳ ಪಾಲು ಹೆಚ್ಚಿನ ಮನೆಗಳ ಪಹಣಿಯಲ್ಲೂ ಇರಲಿಲ್ಲ, ಹೊಲದಲ್ಲೂ ಇರಲಿಲ್ಲ. ದೇಶದ ಲೆಕ್ಕದಲ್ಲಿ ಹೆಂಗಸರು ನಡೆಸುವ ಹಿಡುವಳಿ 2015-16ರಲ್ಲೂ 14 ಪರ್ಸೆಂಟ್ ಆಸುಪಾಸಿನಲ್ಲೇ ಇತ್ತು. ಹೊಲ ಚೂರಾಗುವ ಸಮಸ್ಯೆ ದೊಡ್ಡದೇ, ಅದಕ್ಕೆ ಪರಿಹಾರ ಬೇಕು. ಆದರೆ ಅದನ್ನು ಹೆಣ್ಣುಮಕ್ಕಳ ತಲೆಗೆ ಕಟ್ಟುವುದು ಸರಿಯಲ್ಲ.

ಭಾವ ಬಂದು ಜಮೀನನ್ನು ಹೊರಗಿನವರಿಗೆ ಮಾರಿಬಿಡುತ್ತಾನೆ ಅನ್ನುವ ಭಯಕ್ಕೂ ಕಾಯ್ದೆಯಲ್ಲೇ ಉತ್ತರ ಇದೆ. ಉಯಿಲಿಲ್ಲದೆ ವಾರಸುದಾರರಿಗೆ ಬಂದ ಆಸ್ತಿಯಲ್ಲಿ ಒಬ್ಬರು ತಮ್ಮ ಪಾಲು ಮಾರಲು ಹೊರಟರೆ, ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರದ್ದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಸೆಕ್ಷನ್ ಅದು. ಕೃಷಿ ಜಮೀನಿಗೂ ಅದು ಅನ್ವಯಿಸುತ್ತದೆ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಂಗಿ ತನ್ನ ಪಾಲು ಮಾರುವುದೇ ಆದರೆ ಅಣ್ಣ ಕೊಳ್ಳಬಹುದು. ದುಡ್ಡು ಕೊಟ್ಟು, ಅಷ್ಟೇ.

ಬರೆದುಕೊಟ್ಟ ಮೇಲೆ ವಾಪಸ್ ಬರುತ್ತಾ?

ಈಗ ಮೊದಲ ಸುದ್ದಿಗೆ ಬರೋಣ. ಉತ್ತರ ಸಿಗಬೇಕಾದರೆ ಅಪ್ಪ ಮಾಡಿಕೊಟ್ಟ ಕಾಗದ ಯಾವುದು ಅಂತ ನೋಡಬೇಕು.

ಉಯಿಲು ಆಗಿದ್ದರೆ ಚಿಂತೆಯೇ ಇಲ್ಲ. ಅದು ಜಾರಿಗೆ ಬರುವುದು ಬರೆದವರು ತೀರಿಕೊಂಡ ಮೇಲೆ. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಹರಿದುಹಾಕಬಹುದು. ಯಾವ ಮಗನ ಒಪ್ಪಿಗೆಯೂ ಬೇಡ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಇಬ್ಬರು ಸಾಕ್ಷಿಗಳು ಮಾತ್ರ ಬೇಕೇ ಬೇಕು.

ದಾನಪತ್ರ ಆಗಿದ್ದರೆ ವಿಷಯ ಬಿಗಿಯಾಗುತ್ತದೆ. ನೋಂದಣಿಯಾದ ಕೂಡಲೇ ಜಮೀನು ಮಗನದು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಇಲ್ಲಿ ನೆರವಿಗೆ ಬರುತ್ತದೆ. ಹಿರಿಯರನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಪಡೆದವನು ನೋಡಿಕೊಳ್ಳದೆ ಹೋದರೆ ಆ ಪತ್ರವನ್ನು ಅನೂರ್ಜಿತಗೊಳಿಸಬಹುದು. ಅರ್ಜಿ ಹಾಕಬೇಕಾದ್ದು ಉಪವಿಭಾಗಾಧಿಕಾರಿಯ ಮುಂದೆ. ಆದರೆ ಷರತ್ತು ಇರಬೇಕು. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಷರತ್ತಿಲ್ಲದೆ ಮಾಡಿಕೊಟ್ಟ ಪತ್ರವನ್ನು ಈ ಸೆಕ್ಷನ್ ಅಡಿ ರದ್ದು ಮಾಡಲಾಗದು ಅಂದಿತು. 2025ರ ಜನವರಿ 2ರಂದು ಮಧ್ಯಪ್ರದೇಶದ ಒಬ್ಬ ತಾಯಿಯ ಪ್ರಕರಣದಲ್ಲಿ ಅದೇ ಕೋರ್ಟ್ ಕಾಯ್ದೆಯನ್ನು ಹಿರಿಯರ ಕಡೆಗೆ ಉದಾರವಾಗಿ ಓದಬೇಕು ಅಂತ ಹೇಳಿ ಆಸ್ತಿಯನ್ನು ತಾಯಿಗೆ ವಾಪಸ್ ಕೊಡಿಸಿತು. ಆ ಪ್ರಕರಣದಲ್ಲಿ ಮಗ ನೋಡಿಕೊಳ್ಳುತ್ತೇನೆ ಅಂತ ಬರೆದುಕೊಟ್ಟ ಬೇರೊಂದು ವಚನಪತ್ರವೂ ಇತ್ತು. ಒಂದು ತೀರ್ಪು ಇನ್ನೊಂದಕ್ಕೆ ವಿರುದ್ಧ ಅಂತ ಕಾಣಬಹುದು. ಎರಡರಿಂದಲೂ ಹೊರಡುವ ಪಾಠ ಒಂದೇ, ಷರತ್ತು ಎಲ್ಲಾದರೂ ಕಾಗದದ ಮೇಲೆ ಇದ್ದರೆ ಅಪ್ಪ ಅಮ್ಮ ಬಚಾವ್.

ಇನ್ನು ವಿಭಾಗ ಪತ್ರ, ಅಂದರೆ ಪಾಲು ಪಾರೀಕತ್ತು, ಉತ್ತರ ಕರ್ನಾಟಕದ ಕಡೆ ವಾಟ್ನಿ. ಸುದ್ದಿ ಓದಿದವರು ತಪ್ಪು ತಿಳಿದಿದ್ದು ಜಾಸ್ತಿ ಇದರ ಬಗ್ಗೆಯೇ. ಪಿತ್ರಾರ್ಜಿತವನ್ನು ಪಾಲು ಮಾಡಿದಾಗ ಮಗನಿಗೆ ಸಿಗುವುದು ಅವನದೇ ಪಾಲು. ಅಪ್ಪ ದಾನ ಕೊಟ್ಟಿದ್ದಲ್ಲ. ತನ್ನದಲ್ಲದ್ದನ್ನು ಅಪ್ಪ ವಾಪಸ್ ಕೇಳುವುದು ಹೇಗೆ? ಮಗ ನೋಡಿಕೊಳ್ಳದಿದ್ದರೆ ಜೀವನಾಂಶಕ್ಕೆ ಹಿರಿಯ ನಾಗರಿಕರ ಕಾಯ್ದೆಯಡಿಯೇ ಅರ್ಜಿ ಹಾಕಬಹುದು. ಆದರೆ ಮಗನ ಹುಟ್ಟಿನ ಪಾಲು ವಾಪಸ್ ಬರುತ್ತದೆ ಅಂತ ನಂಬಿ ಕೂರಬಾರದು.

ನಮ್ಮ ರೈತ ಕುಟುಂಬಗಳಲ್ಲಿ ದೊಡ್ಡ ಅನಾಹುತ ಆಗುವುದು ಇಲ್ಲಿಯೇ. ಇಬ್ಬರು ಗಂಡುಮಕ್ಕಳಿದ್ದರೆ ಅಪ್ಪ ಜಮೀನನ್ನು ಎರಡೇ ಭಾಗ ಮಾಡುತ್ತಾರೆ. ತನಗೆ ಅಂತ ಒಂದು ಗುಂಟೆಯನ್ನೂ ಇಟ್ಟುಕೊಳ್ಳುವುದಿಲ್ಲ. ‘ನಮಗ್ಯಾಕಪ್ಪ ಬೇರೆ ಪಾಲು, ಆರು ತಿಂಗಳು ಇವನ ಮನೆ, ಆರು ತಿಂಗಳು ಅವನ ಮನೆ’ ಅನ್ನುತ್ತಾರೆ. ಕೆಲವು ಮನೆಗಳಲ್ಲಿ ಅಪ್ಪ ಒಬ್ಬನ ಪಾಲಿಗೆ, ಅಮ್ಮ ಇನ್ನೊಬ್ಬನ ಪಾಲಿಗೆ. ಕಾಯ್ದೆ ಅಪ್ಪನಿಗೂ ಒಂದು ಪೂರ್ತಿ ಪಾಲು ಕೊಟ್ಟಿದೆ. ಅದನ್ನು ಬಿಟ್ಟುಕೊಟ್ಟ ದಿನವೇ ಅವರ ಮಾತಿನ ತೂಕವೂ ಕಡಿಮೆಯಾಗುತ್ತದೆ.

ಅಮ್ಮನ ಸ್ಥಿತಿ ಇನ್ನೂ ನಾಜೂಕು. ಅವರು ಹುಟ್ಟಿನಿಂದ ಆ ಮನೆಯ ಪಾಲುದಾರರಲ್ಲ. ಗಂಡ ಬದುಕಿರುವಾಗ ತಾವೇ ಮುಂದಾಗಿ ಪಾಲು ಕೇಳುವ ಹಕ್ಕು ಅವರಿಗಿಲ್ಲ. ಆದರೆ ಎಲ್ಲರೂ ಒಪ್ಪಿ ವಿಭಾಗ ಪತ್ರದಲ್ಲಿ ಅವರ ಹೆಸರಿಗೂ ಇಂತಿಷ್ಟು ಅಂತ ಬರೆಯಲು ಯಾವ ಅಡ್ಡಿಯೂ ಇಲ್ಲ. ಅಪ್ಪ ತನ್ನ ಪಾಲನ್ನು ಹೆಂಡತಿಗೆ ಉಯಿಲು ಬರೆಯಲೂಬಹುದು. ಯಾರು ಕೊನೆತನಕ ನೋಡಿಕೊಂಡರೋ ಅವರಿಗೆ ಹೆಚ್ಚು ಕೊಡಬೇಕು ಅನ್ನುವ ನ್ಯಾಯಕ್ಕೂ ಇದೇ ದಾರಿ. ಊರಲ್ಲೇ ಉಳಿದ ಮಗನಿಗೆ, ಇಲ್ಲವೇ ಕರೆದುಕೊಂಡು ಹೋಗಿ ಸಾಕಿದ ಮಗಳಿಗೆ, ಅಪ್ಪ ತನ್ನ ಪಾಲನ್ನು ಉಯಿಲಿನಲ್ಲಿ ಬಿಡಬಹುದು. ಉಳಿದವರ ಪಾಲಿಗೆ ಕೈ ಹಾಕುವ ಅಗತ್ಯವೇ ಬರುವುದಿಲ್ಲ.

ಹೊಲ, ಬೋರ್‌ವೆಲ್, ಟ್ರ್ಯಾಕ್ಟರ್, ಸಾಲ

ಕಾನೂನಿನ ಪಾಲು ಭಾಗಾಕಾರದಲ್ಲಿ ಮುಗಿಯುತ್ತದೆ. ಹೊಲದ ಪಾಲು ಹಾಗಲ್ಲ.

ನಾಲ್ಕು ಎಕರೆಯ ಒಂದು ಸರ್ವೆ ನಂಬರ್, ಪಾಲುದಾರರು ನಾಲ್ವರು ಅಂತ ಇಟ್ಟುಕೊಳ್ಳಿ. ಚೌಕವಾಗಿದ್ದರೆ ಅದರ ಒಂದೊಂದು ಬದಿ ಸುಮಾರು 417 ಅಡಿ. ಎಲ್ಲರಿಗೂ ರಸ್ತೆ ಕಡೆ ಮುಖ ಬೇಕು. ಹಾಗಾಗಿ ಹೊಲವನ್ನು ಉದ್ದಕ್ಕೆ ಸೀಳುತ್ತಾರೆ. ಒಬ್ಬೊಬ್ಬರಿಗೆ 104 ಅಡಿ ಅಗಲ, 417 ಅಡಿ ಉದ್ದದ ಪಟ್ಟಿ. ನಡುವೆ ಮೂರು ಹೊಸ ಬದು. ಮುಂದಿನ ತಲೆಮಾರಿನಲ್ಲಿ ಒಂದು ಪಟ್ಟಿಗೆ ಮೂವರು ಬಂದರೆ ಅಗಲ 35 ಅಡಿಗೆ ಇಳಿಯುತ್ತದೆ, ಒಬ್ಬರಿಗೆ ಹದಿಮೂರು ಗುಂಟೆ ಚಿಲ್ಲರೆ. ಅಲ್ಲಿ ಟ್ರ್ಯಾಕ್ಟರ್ ತಿರುಗಿಸುವುದೇ ಕಷ್ಟ. ಪಕ್ಕದವನ ತೆಂಗಿನ ನೆರಳು ನಿಮ್ಮ ರಾಗಿಯ ಮೇಲೆ ಬೀಳುತ್ತದೆ. ಕೆಲವು ಕುಟುಂಬಗಳು ಇದನ್ನು ತಪ್ಪಿಸಲು ಒಬ್ಬರಿಗೆ ತರಿ (ನೀರಾವರಿ ಜಮೀನು), ಒಬ್ಬರಿಗೆ ಖುಷ್ಕಿ (ಮಳೆ ನಂಬಿದ ಜಮೀನು), ಇನ್ನೊಬ್ಬರಿಗೆ ಊರೊಳಗಿನ ಮನೆ ಅಂತ ಬೆಲೆ ಕಟ್ಟಿ, ವ್ಯತ್ಯಾಸವನ್ನು ದುಡ್ಡಿನಲ್ಲಿ ಸರಿದೂಗಿಸುತ್ತವೆ. ಸಾಧ್ಯವಿದ್ದ ಕಡೆ ಇದೇ ವಾಸಿ.

ಬೋರ್‌ವೆಲ್ ಇರುವುದು ಒಬ್ಬರ ಪಾಲಿನಲ್ಲಿ, ನೀರು ಬೇಕಾಗಿರುವುದು ಎಲ್ಲರಿಗೂ. ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರ್ ಅಪ್ಪನ ಹೆಸರಲ್ಲಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಬಿಲ್ಲಿನ ಜಗಳ ಇಲ್ಲ ನಿಜ. ಮೋಟಾರ್ ಸುಟ್ಟರೆ ರಿಪೇರಿ ಯಾರದು? ನೀರು ನಿಂತುಹೋದರೆ ಹೊಸ ಬೋರ್ ಯಾರು ಕೊರೆಸಬೇಕು? ಪಾಳಿ ಹೇಗೆ, ಕರೆಂಟ್ ಕೊಡುವ ಹೊತ್ತಿನಲ್ಲಿ ಯಾರಿಗೆ ಯಾವ ದಿನ? ಇವನ್ನೆಲ್ಲ ವಿಭಾಗ ಪತ್ರದಲ್ಲೇ ಬರೆಸಬೇಕು. ಹಾಗೇ ಬಂಡಿದಾರಿ. ಹಿಂದಿನ ಪಾಲಿನವರು ಮುಂದಿನ ಪಾಲಿನ ಮೇಲೆ ಹಾದು ಹೋಗಬೇಕಾದರೆ ಎಷ್ಟು ಅಡಿ ಅಗಲದ ದಾರಿ, ಯಾವ ಬದುವಿನ ಪಕ್ಕ ಅಂತ ಪತ್ರದಲ್ಲೂ ಇರಬೇಕು, ನಕ್ಷೆಯಲ್ಲೂ ಇರಬೇಕು. ದಾರಿ ಬರೆಯದ ಪಾಲುಪಟ್ಟಿಯಿಂದ ಆದಷ್ಟು ಹೊಡೆದಾಟ ಬೇರೆ ಯಾವುದರಿಂದಲೂ ಆಗಿರಲಿಕ್ಕಿಲ್ಲ.

ದನ, ಟ್ರ್ಯಾಕ್ಟರ್, ಪಂಪು, ಪಾತ್ರೆ ಪಗಡಿಯಂಥ ಚರಾಸ್ತಿಗೆ ನೋಂದಣಿ ಬೇಡ, ಪಟ್ಟಿ ಸಾಕು. ಟ್ರ್ಯಾಕ್ಟರ್ ಮೇಲೆ ಸಾಲ ಇದ್ದರೆ ಮಾತ್ರ ಕಂತು ಕಟ್ಟುವವರು ಯಾರು ಅಂತ ಬರೆಯಬೇಕು. ಅಮ್ಮನ ಒಡವೆಯನ್ನು ಎಷ್ಟೋ ಮನೆಗಳಲ್ಲಿ ಹಂಚುವ ರಾಶಿಗೆ ಸೇರಿಸಿಬಿಡುತ್ತಾರೆ. ಅದು ಅಮ್ಮನ ಸ್ತ್ರೀಧನ. ಅದನ್ನು ಯಾರಿಗೆ ಕೊಡಬೇಕು, ಕೊಡಬೇಕೋ ಬೇಡವೋ ಅನ್ನೋದು ಅವರೊಬ್ಬರ ಇಷ್ಟ.

ಸಾಲವೂ ಪಾಲಾಗಬೇಕು. ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನದೋ ಸೊಸೈಟಿಯದೋ ಋಣ ಇರುತ್ತದೆ. ಅದು ಜಮೀನಿನ ಜೊತೆಗೇ ಬರುತ್ತದೆ. ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಬಡ್ಡಿ ಇಲ್ಲದ ಬೆಳೆ ಸಾಲ ಅಪ್ಪನ ಹೆಸರಲ್ಲಿ ತೆಗೆದು, ದುಡ್ಡು ಬಳಸಿದ್ದು ಹಿರಿಮಗ ಆಗಿದ್ದರೆ ಅದನ್ನೂ ಬಾಯಿ ಬಿಟ್ಟು ಹೇಳಿ ಲೆಕ್ಕ ಹಾಕಬೇಕು.

ಒಂದು ಸರ್ವೆ ನಂಬರನ್ನು ಒಡೆದು ನೋಂದಣಿ ಮಾಡಿಸಲು 11ಇ ನಕ್ಷೆ, ಅಂದರೆ ಸರ್ವೇಯರ್ ಅಳೆದು ಪಾಲು ಗುರುತಿಸಿದ ನಕ್ಷೆ ಬೇಕು. ಸರ್ವೇಯರ್ ಅಳತೆಗೆ ಬಂದ ದಿನ ಎಲ್ಲ ಪಾಲುದಾರರೂ ಹೊಲದಲ್ಲಿ ನಿಂತಿದ್ದು, ಕಲ್ಲು ಎಲ್ಲಿ ಬಿತ್ತು ಅಂತ ನೋಡಬೇಕು. ಕುಟುಂಬದೊಳಗಿನ ವಿಭಾಗ ಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕೆ ಹೋಲಿಸಿದರೆ ತೀರಾ ಕಡಿಮೆ. ಖರ್ಚಿನ ಹೆದರಿಕೆಯಿಂದ ಬಾಯಿಮಾತಿನಲ್ಲಿ ಮುಗಿಸುವುದಕ್ಕೆ ಅರ್ಥವಿಲ್ಲ.

ಅಪ್ಪ ಏನೂ ಬರೆಯದೆ ಹೋದರೆ

ಆಗ ಪೌತಿ ಖಾತೆ. ವಂಶವೃಕ್ಷ ಮಾಡಿಸಿ, ಮರಣ ಪ್ರಮಾಣಪತ್ರ ಇಟ್ಟು ಅರ್ಜಿ ಕೊಟ್ಟರೆ ಎಲ್ಲ ವಾರಸುದಾರರ ಹೆಸರು ಪಹಣಿಗೆ ಜಂಟಿಯಾಗಿ ಬರುತ್ತದೆ. ಸ್ವಯಾರ್ಜಿತ ಆಗಿದ್ದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಜನ ಮರೆಯುವ ಒಬ್ಬರಿದ್ದಾರೆ. ತೀರಿಕೊಂಡವರ ತಾಯಿ ಬದುಕಿದ್ದರೆ ಅವರಿಗೂ ಮಕ್ಕಳಷ್ಟೇ ಪಾಲು. ಮಗನನ್ನು ಕಳೆದುಕೊಂಡ ಅಜ್ಜಿಯ ಹೆಸರನ್ನು ವಂಶವೃಕ್ಷದಿಂದಲೇ ಬಿಟ್ಟುಬಿಡುವುದು ಅನ್ಯಾಯ ಮಾತ್ರವಲ್ಲ, ಮುಂದೆ ದಾವೆಗೂ ದಾರಿ. ಎರಡನೇ ಸಂಸಾರ ಇದ್ದ ಮನೆಗಳಲ್ಲಿ 2023ರ ಸೆಪ್ಟೆಂಬರ್ 1ರ ತೀರ್ಪನ್ನು ಗಮನಿಸಬೇಕು. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣ ಅದು. ಕಾನೂನು ಒಪ್ಪದ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೂ, ಒಟ್ಟು ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರಬೇಕಾದ ಪಾಲಿನೊಳಗೆ ಭಾಗ ಇದೆ ಅಂತ ಸುಪ್ರೀಂ ಕೋರ್ಟ್ ಹೇಳಿತು.

ಪೌತಿ ಖಾತೆ ಆದರೆ ಪಾಲು ಆದಂತಲ್ಲ. ಹೆಸರು ಬಿಟ್ಟುಹೋದರೆ ಹಕ್ಕು ಹೋಗುವುದಿಲ್ಲ, ಹೆಸರು ಬಂದ ಮಾತ್ರಕ್ಕೆ ಇಲ್ಲದ ಹಕ್ಕು ಹುಟ್ಟುವುದಿಲ್ಲ. ಆಮೇಲೆ ಎಲ್ಲರೂ ಕೂತು ವಿಭಾಗ ಪತ್ರ ಮಾಡಿಕೊಳ್ಳಲೇಬೇಕು.

ಮುಂದೇನಾಗಬಹುದು

ಪೌತಿ ಖಾತೆ ಆಂದೋಲನ ನಡೆದಷ್ಟೂ ಲಕ್ಷಾಂತರ ಪಹಣಿಗಳಲ್ಲಿ ಅಕ್ಕತಂಗಿಯರ ಹೆಸರು ಮೊದಲ ಸಲ ಕಾಣಿಸಿಕೊಳ್ಳುತ್ತದೆ. ಅದರ ಬೆನ್ನಿಗೇ, ತಮ್ಮ ಪಾಲು ಬಿಟ್ಟುಕೊಟ್ಟಿದ್ದೇವೆ ಅಂತ ಅವರಿಂದ ಬರೆಸಿಕೊಳ್ಳುವ ಹಕ್ಕು ಬಿಡುಗಡೆ ಪತ್ರಗಳು ಜಾಸ್ತಿಯಾಗುತ್ತವೆ. ಹಬ್ಬಕ್ಕೆ ಕರೆದು, ಸೀರೆ ಉಡಿಸಿ, ಮಾರನೇ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುವುದು ಹೊಸದೇನಲ್ಲ. ತವರಿನ ಬಾಗಿಲು ಮುಚ್ಚೀತು ಅನ್ನುವ ಭಯಕ್ಕೆ ಸಹಿ ಹಾಕುವವರೇ ಹೆಚ್ಚು. ತಿಳಿದು, ಇಷ್ಟಪಟ್ಟು ಬಿಟ್ಟುಕೊಡುವುದು ಅವರ ಹಕ್ಕು. ಆದರೆ ಪತ್ರದಲ್ಲಿ ಯಾವ ಯಾವ ಸರ್ವೆ ನಂಬರ್ ಇದೆ, ಎಷ್ಟು ದುಡ್ಡು ಕೊಟ್ಟಿದ್ದಾರೆ ಅಂತ ಬರೆದಿದೆ, ನಿಜವಾಗಿ ಕೊಟ್ಟಿದ್ದಾರಾ ಅಂತ ಓದಿಸಿ ನೋಡದೆ ಸಹಿ ಹಾಕಬಾರದು. ನೋಂದಣಿಯಾದ ಬಿಡುಗಡೆ ಪತ್ರವನ್ನು ಆಮೇಲೆ ರದ್ದು ಮಾಡಿಸಬೇಕಾದರೆ ಮೋಸವನ್ನೋ ಒತ್ತಾಯವನ್ನೋ ಕೋರ್ಟಿನಲ್ಲಿ ಸಾಬೀತು ಮಾಡಬೇಕು.

ಜಂಟಿ ಪಹಣಿ ಆದ ಮೇಲೆ ಸಾಲಕ್ಕೆ, ಮಾರಾಟಕ್ಕೆ ಎಲ್ಲರ ಸಹಿ ಬೇಕಾಗುತ್ತದೆ. ದೂರದಲ್ಲಿರುವ ಅಕ್ಕನ ಸಹಿಗಾಗಿ ಬಿತ್ತನೆ ಹೊತ್ತಿನಲ್ಲಿ ಕಾಯುವುದು ಊರಲ್ಲಿರುವ ತಮ್ಮನಿಗೆ ನಿಜಕ್ಕೂ ತೊಂದರೆ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಯಿಂದ ಹಿಡಿದು ಬೆಳೆ ಪರಿಹಾರದವರೆಗೆ ಎಲ್ಲವೂ ಈಗ ಪಹಣಿಗೆ, ಆಧಾರ್‌ಗೆ, ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿಗೆ ಜೋಡಣೆಯಾಗಿವೆ. ಹಾಗಾಗಿ ಜಂಟಿ ಖಾತೆಯಲ್ಲಿ ಹೆಚ್ಚು ದಿನ ಉಳಿಯುವುದು ಯಾರಿಗೂ ಅನುಕೂಲವಲ್ಲ. ಇದೇ ಒತ್ತಡ ಎಷ್ಟೋ ಕುಟುಂಬಗಳನ್ನು ಮಾತುಕತೆಗೆ ಕೂರಿಸಬಹುದು. ಕೆಲವನ್ನು ಕೋರ್ಟಿಗೂ ಕಳಿಸಬಹುದು, ಅದರಲ್ಲೂ ಹೆದ್ದಾರಿ ಇಲ್ಲವೇ ಕೈಗಾರಿಕಾ ಪ್ರದೇಶ ಬಂದು ಜಮೀನಿನ ಬೆಲೆ ಏರಿದ ಕಡೆ. ಪರಿಹಾರದ ಚೆಕ್ ಬರುವ ಹೊತ್ತಿಗೆ ಪಾಲು ಆಗಿರದಿದ್ದರೆ ಆ ದುಡ್ಡು ಕೋರ್ಟಿನಲ್ಲಿ ಠೇವಣಿಯಾಗಿ ಕೂರುತ್ತದೆ, ದಾವೆ ಮುಗಿಯುವವರೆಗೆ ಅಣ್ಣನಿಗೂ ಇಲ್ಲ, ತಂಗಿಗೂ ಇಲ್ಲ.